ಫೈನಲ್ ಮುಗಿದ ಮಾರನೇ ದಿನದಿಂದ ಆಟಗಾರರು ಯಾರ ಹೊಣೆ?

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಿಮ್ಮ ಕ್ರೀಡಾಪುಟದಲ್ಲಿ ಬಂದ ಹಾಕಿ ವರದಿಯೊಂದರ ಕೊನೆಯಲ್ಲಿ, ತಂಡಕ್ಕೆ ಇನ್ನು ವಿಶ್ರಾಂತಿ, ಮುಂದಿನ ಟೂರ್ನಿಗೆ 10 ದಿನ ಇರುವಾಗ ಶಿಬಿರ ಶುರುವಾಗುತ್ತದೆ ಎಂದಿತ್ತು. ವರದಿಗಾರರ ತಪ್ಪೇನಿಲ್ಲ, ಅವರಿಗೆ ಹೇಳಿದ್ದನ್ನು ಅವರು ಬರೆದಿದ್ದಾರೆ. ಆದರೆ ಅದನ್ನು ಓದುವಾಗ ನನ್ನ ಕೈ ತಾನಾಗಿ ಬಲಮಂಡಿಯ ಮೇಲಿನ ಹೊಲಿಗೆಯ ಗುರುತಿಗೆ ಹೋಯಿತು. ಎರಡು ಟೂರ್ನಿಗಳ ನಡುವೆ 14 ವಾರಗಳಿವೆ. ಶಿಬಿರದ 10 ದಿನ ಬಿಟ್ಟರೆ ಉಳಿಯುವ 12 ವಾರಕ್ಕೂ ಮಿಕ್ಕಿದ ಕಾಲವನ್ನು ‘ವಿಶ್ರಾಂತಿ’ ಎಂಬ ಒಂದು ಪದದಲ್ಲಿ ಮುಗಿಸಿಬಿಟ್ಟಿದ್ದೇವೆ. ಆ ವಾರಗಳ ಬಗ್ಗೆಯೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಪ್ರಕಟಿಸಿ.

ನಾನು 12 ವರ್ಷ ಹಾಕಿ ಆಡಿದವಳು, ಮಿಡ್‌ಫೀಲ್ಡರ್ ಆಗಿದ್ದೆ. ಈಗ 17 ವರ್ಷಗಳಿಂದ ಹೆಣ್ಣುಮಕ್ಕಳ ತಂಡಗಳಿಗೆ ದೈಹಿಕ ತರಬೇತಿ ಕೊಡುತ್ತಿದ್ದೇನೆ. ಆಟ ಕಲಿಸುವವರು ಬೇರೆ. ಆಟಕ್ಕೆ ಮೈಯನ್ನು ಅಣಿಮಾಡುವುದು ನನ್ನ ಕೆಲಸ.

ನನಗೆ 23 ವರ್ಷವಿದ್ದಾಗ ಶಿಬಿರದ ಮೂರನೇ ದಿನ ಬೆಳಿಗ್ಗೆ, ಎರಡನೇ ಡ್ರಿಲ್‌ನಲ್ಲಿ, ಬಲಬದಿಯಿಂದ ಬಂದ ಪಾಸ್ ಹಿಡಿದು ಎಡಕ್ಕೆ ತಿರುಗಬೇಕಿತ್ತು. ಸಾವಿರಾರು ಸಲ ಮಾಡಿದ ತಿರುವು. ಕೈಗೆಟುಕುವಷ್ಟು ಹತ್ತಿರದಲ್ಲಿ ಯಾರೂ ಇರಲಿಲ್ಲ, ಯಾರೂ ತಳ್ಳಲಿಲ್ಲ. ಬಲಗಾಲನ್ನು ಊರಿ ಮೈ ತಿರುಗಿಸಿದೆ. ಮೈ ತಿರುಗಿತು, ಪಾದ ಅಲ್ಲೇ ನಿಂತಿತು. ಒಳಗೆ ಒಣಕಡ್ಡಿ ಮುರಿದ ಹಾಗೆ ‘ಟಪ್’ ಎಂಬ ಸದ್ದು. ಮಂಡಿಯ ಎಸಿಎಲ್ ಅಸ್ಥಿರಜ್ಜು ಪೂರ್ತಿ ಹರಿದಿತ್ತು. ಶಸ್ತ್ರಚಿಕಿತ್ಸೆ ಆಯಿತು. ಆರನೇ ತಿಂಗಳಿಗೇ ಆತುರಪಟ್ಟು ಮೈದಾನಕ್ಕೆ ಇಳಿದೆ, ಮಂಡಿ ಮತ್ತೆ ಕೈಕೊಟ್ಟಿತು. ನನ್ನ ಆಟ ಅಲ್ಲಿಗೆ ನಿಂತಿತು.

ಎಲ್ಲರೂ ಗ್ರಹಚಾರ ಎಂದರು. ನಾನೂ ಹಾಗೇ ನಂಬಿದ್ದೆ. ಆರು ವರ್ಷ ಕಳೆದ ಮೇಲೆ, ಈ ವಿದ್ಯೆ ಕಲಿಯಲು ಕುಳಿತಾಗ, ಹಳೆಯ ಡೈರಿ ತೆಗೆದು ಆ ದಿನದಿಂದ ಹಿಂದಕ್ಕೆ ವಾರಗಳನ್ನು ಎಣಿಸಿದೆ. ಶಿಬಿರಕ್ಕೆ ಮೊದಲಿನ 11 ವಾರ ಡೈರಿ ಖಾಲಿ. ಓಟ, ಜಿಗಿತ, ಭಾರ ಯಾವುದೂ ಇಲ್ಲ. ಶಿಬಿರದ ಮೊದಲ ದಿನ ಮೈದಾನಕ್ಕೆ 12 ಸುತ್ತು ಓಟ, ಆಮೇಲೆ ಜಿಗಿತ, ಸಂಜೆ ಪೂರ್ತಿ ಪಂದ್ಯ. ಎರಡನೇ ದಿನವೂ ಅದೇ. ಮೂರನೇ ದಿನಕ್ಕೆ ತೊಡೆಗಳು ಹೇಗಿದ್ದವು ಎಂಬುದನ್ನು ಹಿಂದಿನ ರಾತ್ರಿಯೇ ಬರೆದಿಟ್ಟಿದ್ದೆ: ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಾಯಿತು ಅಂತ. ಅಂಥ ಕಾಲಿನ ಮೇಲೆ ನಿಂತು ನಾನು ಪೂರ್ತಿ ವೇಗದಲ್ಲಿ ತಿರುಗಲು ಹೋಗಿದ್ದೆ. ಚೆನ್ನಾಗಿ ತಯಾರಾದವರಿಗೂ ಎಸಿಎಲ್ ಹರಿಯುತ್ತದೆ, ಅದು ನನಗೆ ಗೊತ್ತು. ನನ್ನದು ಖಂಡಿತ ಉಳಿಯುತ್ತಿತ್ತು ಎಂದು ಹೇಳಲಾರೆ. ಆದರೆ ಗ್ರಹಚಾರ ಎಂಬ ಮಾತನ್ನು ಅಂದಿನಿಂದ ಬಿಟ್ಟೆ.

ಇದು ನನ್ನೊಬ್ಬಳ ಕಥೆಯಾಗಿದ್ದರೆ ಪತ್ರಿಕೆಗೆ ಬರೆಯುತ್ತಿರಲಿಲ್ಲ. 2011ರಲ್ಲಿ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ಆಡುವವರ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಮಾಲೀಕರಿಗೂ ಆಟಗಾರರ ಸಂಘಕ್ಕೂ ಒಪ್ಪಂದ ಮುರಿದು, ಮಾರ್ಚ್‌ನಿಂದ ಜುಲೈ ಕೊನೆಯವರೆಗೆ ಲಾಕೌಟ್ ಆಯಿತು. ಅಷ್ಟೂ ತಿಂಗಳು ಆಟಗಾರರು ತಂಡದ ಜಿಮ್‌ಗೆ ಕಾಲಿಡುವಂತಿರಲಿಲ್ಲ, ತಂಡದ ತರಬೇತುದಾರರ ಸಹಾಯ ಪಡೆಯುವಂತಿರಲಿಲ್ಲ. ವಿವಾದ ಬಗೆಹರಿದ ಕೂಡಲೇ ಶಿಬಿರಗಳು ತೆರೆದವು. ಮೊದಲ 12 ದಿನಗಳಲ್ಲಿ 10 ಮಂದಿಗೆ ಅಕಿಲೀಸ್, ಅಂದರೆ ಹಿಮ್ಮಡಿಯ ಸ್ನಾಯುರಜ್ಜುವಿನ ಗಾಯ. ನಂತರದ 17 ದಿನಗಳಲ್ಲಿ ಕೇವಲ 2. ಒಂದೇ ವರ್ಷದ, ಒಂದೇ ಲೀಗಿನ ಸಂಖ್ಯೆ ಇದು. ಇದರಿಂದ ಎಲ್ಲವೂ ಸಾಬೀತಾಯಿತು ಎನ್ನಲಾಗದು. ಆದರೂ ಆ 10 ಮತ್ತು 2ರ ಅಂತರವನ್ನು ನನ್ನಿಂದ ಮರೆಯಲಾಗಿಲ್ಲ. ಅವರು ಬಡ ಕ್ಲಬ್ಬಿನ ಹುಡುಗರಲ್ಲ. ಸ್ವಂತ ಖರ್ಚಿನಲ್ಲಿ ಎಂಥ ತರಬೇತಿಯನ್ನಾದರೂ ಪಡೆಯಬಲ್ಲವರು. ಅವರಿಗೆ ತಪ್ಪಿಹೋದದ್ದು ತಿಂಗಳುಗಟ್ಟಲೆ ಒಂದು ಕ್ರಮದಲ್ಲಿ, ಒಬ್ಬರ ಕಣ್ಣೆದುರಿಗೆ, ಹಂತಹಂತವಾಗಿ ಏರಬೇಕಿದ್ದ ಕೆಲಸ.

ಬಿಡುವಿನಲ್ಲಿ ಮೈಯಿಂದ ಯಾವುದು ಎಷ್ಟು ಬೇಗ ಜಾರಿಹೋಗುತ್ತದೆ ಎಂಬುದನ್ನು ಆಟಗಾರರಿಗೆ ಯಾರೂ ಹೇಳಿಕೊಡುವುದಿಲ್ಲ. ಮೊದಲು ಹೋಗುವುದು ದಮ್ಮು. ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷಗಟ್ಟಲೆ ಅಭ್ಯಾಸ ಮಾಡಿದ್ದ ದೂರದ ಓಟಗಾರರೂ ಸೈಕಲ್ ಪಟುಗಳೂ ಪೂರ್ತಿ ಸುಮ್ಮನಿದ್ದಾಗ, ಅವರ ಮೈ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಮೊದಲ 3 ವಾರಗಳಲ್ಲಿ ಸುಮಾರು ಶೇ 7ರಷ್ಟು, 12 ವಾರ ಕಳೆಯುವಷ್ಟರಲ್ಲಿ ಸುಮಾರು ಶೇ 16ರಷ್ಟು ಇಳಿಯಿತು. ಆರಂಭದ ಇಳಿತಕ್ಕೆ ಮುಖ್ಯ ಕಾರಣ ರಕ್ತದ ಪ್ರಮಾಣ ಕಡಿಮೆಯಾಗಿ, ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ ಕಡಿಮೆಯಾಗುವುದು. ಕಸುವು ಅಷ್ಟು ಬೇಗ ಹೋಗುವುದಿಲ್ಲ. ಮೂರು ನಾಲ್ಕು ವಾರ ಸುಮಾರಾಗಿ ಉಳಿದುಕೊಳ್ಳುತ್ತದೆ, ಆಮೇಲೆ ಕರಗತೊಡಗುತ್ತದೆ. ಇನ್ನೊಂದು ಇದೆ, ಅದಕ್ಕೆ ಅಳತೆಯೇ ಸಿಗುವುದಿಲ್ಲ: ಪೂರ್ತಿ ವೇಗದ ಓಟದ ರೂಢಿ. ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂಬದಿಯ ಸ್ನಾಯು, ಅತಿಹೆಚ್ಚು ಎಳೆತಕ್ಕೆ ಸಿಗುವುದು ಪೂರ್ತಿ ವೇಗದಲ್ಲಿ ಓಡುವಾಗ, ಕಾಲು ಮುಂದಕ್ಕೆ ಚಾಚಿ ಇನ್ನೇನು ನೆಲ ಮುಟ್ಟಬೇಕು ಎನ್ನುವ ಕ್ಷಣದಲ್ಲಿ. ನಿಧಾನದ ಜಾಗಿಂಗ್ ಎಷ್ಟು ಕಿಲೋಮೀಟರ್ ಮಾಡಿದರೂ ಆ ಕ್ಷಣಕ್ಕೆ ಸ್ನಾಯು ತಯಾರಾಗುವುದಿಲ್ಲ. ರಜೆಯಲ್ಲೂ ದಿನಾ ಓಡುತ್ತಿದ್ದೆ ಮೇಡಂ, ಆದರೂ ಯಾಕೆ ಹೀಗಾಯ್ತು ಅಂತ ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದ ಹುಡುಗಿಯರು ಎಷ್ಟೋ ಮಂದಿ.

ಮತ್ತೆ ಗಳಿಸುವ ವೇಗ ಒಂದೊಂದಕ್ಕೆ ಒಂದೊಂದು. ಭಾರ ಎತ್ತಲು ತೊಡಗಿದವರ ಕಸುವು ಮೊದಲ ಕೆಲವು ವಾರಗಳಲ್ಲಿ ಬೇಗ ಏರುತ್ತದೆ, ಏಕೆಂದರೆ ಆಗ ಮುಖ್ಯವಾಗಿ ಕಲಿಯುತ್ತಿರುವುದು ನರಮಂಡಲ. ಸ್ನಾಯು ದಪ್ಪವಾಗುವುದು ಆಮೇಲಿನ ಮಾತು. ಸ್ನಾಯುವನ್ನು ಮೂಳೆಗೆ ಕಟ್ಟುವ ರಜ್ಜು ಇವೆರಡಕ್ಕಿಂತಲೂ ನಿಧಾನ; ಅದು ಗಟ್ಟಿಯಾಗಲು ತಿಂಗಳುಗಳೇ ಬೇಕು. ಮೂರನೇ ವಾರಕ್ಕೆ ಹುಡುಗಿಗೆ ಮೈ ಹಗುರವೆನಿಸಿ, ಇನ್ನೂ ಹೆಚ್ಚು ಹಾಕಿ ಎಂದು ಕೇಳುತ್ತಾಳೆ. ಆಗ ಅವಳ ಸ್ನಾಯು ಒಪ್ಪಿರುತ್ತದೆ, ರಜ್ಜು ಒಪ್ಪಿರುವುದಿಲ್ಲ. ಇದು ಗೊತ್ತಿದ್ದವರು ಯಾರೂ 10 ದಿನದ ಶಿಬಿರದಲ್ಲಿ ಫಿಟ್‌ನೆಸ್ ತರುತ್ತೇವೆ ಎಂದು ಮಾತು ಕೊಡುವುದಿಲ್ಲ. ಬಿಸಿಲಲ್ಲಿ ಆಡಬೇಕಾದರೆ ಸೆಕೆಗೆ ಮೈ ಒಗ್ಗುವುದಕ್ಕೇ 10ರಿಂದ 14 ದಿನ ಹಿಡಿಯುತ್ತದೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಎನ್ನುತ್ತಾರಲ್ಲ, ನಮ್ಮ ಶಿಬಿರಗಳು ಅದೇ ಆಗಿಬಿಟ್ಟಿವೆ.

ಬಿಡುವಿನ ವಾರಗಳನ್ನು ಸರಿಯಾಗಿ ಬಳಸಿದರೆ ಏನಾಗುತ್ತದೆ ಎಂಬುದಕ್ಕೆ ನಾನು ಎಲ್ಲ ತರಗತಿಗಳಲ್ಲೂ ಹೇಳುವ ಉದಾಹರಣೆ ಡೆನ್ಮಾರ್ಕಿನದು. 2011ರಲ್ಲಿ ಪ್ರಕಟವಾದ ಅಧ್ಯಯನ; 50 ಫುಟ್‌ಬಾಲ್ ತಂಡಗಳ 942 ಆಟಗಾರರು. ಚಳಿಗಾಲದ ಬಿಡುವಿನಲ್ಲಿ ಅರ್ಧದಷ್ಟು ತಂಡಗಳಿಗೆ ಒಂದೇ ಒಂದು ಹೆಚ್ಚುವರಿ ವ್ಯಾಯಾಮ ಕೊಟ್ಟರು, ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್. ಮಂಡಿಯೂರಿ ಕೂರಬೇಕು, ಜೊತೆಗಾರ ಹಿಂದೆ ಕುಳಿತು ಎರಡೂ ಹಿಮ್ಮಡಿಗಳನ್ನು ನೆಲಕ್ಕೆ ಒತ್ತಿ ಹಿಡಿಯಬೇಕು. ಸೊಂಟ ಬಗ್ಗಿಸದೆ ಮೈಯನ್ನು ಹಲಗೆಯಂತೆ ನೆಟ್ಟಗಿಟ್ಟು, ಎಷ್ಟು ಸಾಧ್ಯವೋ ಅಷ್ಟು ನಿಧಾನವಾಗಿ ಮುಂದಕ್ಕೆ ವಾಲುತ್ತಾ ಇಳಿಯಬೇಕು, ಕೊನೆಗೆ ಕೈಯೂರಬೇಕು. ಯಂತ್ರ ಬೇಡ, ಕಬ್ಬಿಣ ಬೇಡ. ಮುಂದಿನ ಒಂದು ವರ್ಷದಲ್ಲಿ ಈ ವ್ಯಾಯಾಮ ಮಾಡದ ತಂಡಗಳಲ್ಲಿ 52 ಹ್ಯಾಮ್‌ಸ್ಟ್ರಿಂಗ್ ಗಾಯ, ಮಾಡಿದ ತಂಡಗಳಲ್ಲಿ 15.

ಸಂಖ್ಯೆಗಿಂತ ನನಗೆ ಪ್ರಿಯವಾದದ್ದು ಅವರು ಅದನ್ನು ಏರಿಸಿದ ರೀತಿ. ಮೊದಲ ವಾರ ಒಂದೇ ದಿನ, 5ರಂತೆ 2 ಸೆಟ್, ಅಂದರೆ 5 ಇಳಿತ, ಬಿಡುವು, ಮತ್ತೆ 5. ಎರಡನೇ ವಾರ ಎರಡು ದಿನ, 6ರಂತೆ 2 ಸೆಟ್. ಮೂರನೇ ಮತ್ತು ನಾಲ್ಕನೇ ವಾರ ಮೂರು ದಿನ, 3 ಸೆಟ್. ಐದನೇ ವಾರದಿಂದ ಹತ್ತರವರೆಗೆ ಮೂರು ದಿನ, ಮೂರು ಸೆಟ್‌ಗಳಲ್ಲಿ 12, 10, 8. ಒಟ್ಟು 10 ವಾರ, 27 ದಿನಗಳ ಕೆಲಸ. ಮೊದಲ ವಾರದ ಆ 10 ಇಳಿತಗಳನ್ನು ನೋಡಿ. ಎರಡು ನಿಮಿಷದ ಕೆಲಸವೂ ಅಲ್ಲ. ಇಷ್ಟು ಕಡಿಮೆಯಿಂದ ಶುರುಮಾಡುವ ಧೈರ್ಯ ನಮ್ಮ ಎಷ್ಟು ತರಬೇತುದಾರರಿಗಿದೆ? ಇಷ್ಟೇನಾ ಅಂತ ಆಟಗಾರರೇ ಕೇಳುತ್ತಾರೆ, ಅಧಿಕಾರಿಗಳೂ ಕೇಳುತ್ತಾರೆ, ಆಗ ನಾವು ನಾಚಿಕೊಂಡು ಜಾಸ್ತಿ ಕೊಟ್ಟುಬಿಡುತ್ತೇವೆ.

ನಾನೂ ಹಾಗೆ ಮಾಡಿದ್ದೇನೆ. ಅದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. ಕೆಲಸಕ್ಕೆ ಸೇರಿದ ಮೂರನೇ ವರ್ಷ, ರಜೆ ಮುಗಿಸಿ ಬಂದ ಹುಡುಗಿಯರು ಸೋಮಾರಿಗಳಾಗಿದ್ದಾರೆ ಎಂದು ನನಗೆ ಸಿಟ್ಟು. ಮೊದಲ ದಿನವೇ ಎಲ್ಲರಿಗೂ 100 ಸ್ಕ್ವಾಟ್, ಅಂದರೆ ಕೂತೇಳುವುದು, ಅದರ ಮೇಲೆ ಕುಪ್ಪಳಿಸಿಕೊಂಡು ಮೈದಾನ ದಾಟುವ ಶಿಕ್ಷೆ. ಮನಸ್ಸು ಗಟ್ಟಿಯಾಗುತ್ತದೆ ಎಂದು ಆಗ ನಂಬಿದ್ದೆ. ಎರಡು ದಿನ ಬಿಟ್ಟು, 17 ವರ್ಷದ ಹುಡುಗಿಯೊಬ್ಬಳು ನನ್ನನ್ನು ಪಕ್ಕಕ್ಕೆ ಕರೆದು, ಮೇಡಂ, ಮೂತ್ರ ಕಪ್ಪಗೆ ಹೋಗ್ತಿದೆ ಎಂದಳು. ತೊಡೆಗಳು ಊದಿಕೊಂಡು ಕಲ್ಲಿನಂತಾಗಿದ್ದವು, ಕುಳಿತರೆ ಏಳಲಾಗುತ್ತಿರಲಿಲ್ಲ. ವೈದ್ಯರು ಕೂಡಲೇ ದಾಖಲಿಸಿಕೊಂಡರು. ರಾಬ್ಡೊಮಯೊಲಿಸಿಸ್: ಮಿತಿಮೀರಿದ ಕೆಲಸಕ್ಕೆ ಸ್ನಾಯುವಿನ ಜೀವಕೋಶಗಳು ಒಡೆದು, ಒಳಗಿನದು ರಕ್ತಕ್ಕೆ ಸೇರಿ, ಮೂತ್ರಪಿಂಡಕ್ಕೆ ಅಪಾಯ ತರುವ ಸ್ಥಿತಿ. ಐದು ದಿನ ಡ್ರಿಪ್. ಅವಳು ಪೂರ್ತಿ ಗುಣವಾದಳು. ಅವಳ ಅಪ್ಪ ಆಸ್ಪತ್ರೆಯ ವರಾಂಡದಲ್ಲಿ ನನ್ನನ್ನು ಬೈಯಲಿಲ್ಲ, ಏನೂ ಮಾತಾಡಲಿಲ್ಲ. ಆ ಐದು ದಿನ ನಾನು ದಿನಾ ಹೋಗಿ ಅವರ ಪಕ್ಕದಲ್ಲಿ ಕುಳಿತು ಬರುತ್ತಿದ್ದೆ.

2011ರ ಜನವರಿಯಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಇದೇ ಆಯಿತು. ಸುಮಾರು ಮೂರು ವಾರದ ಬಿಡುವಿನ ನಂತರ, ತಮ್ಮ ಗರಿಷ್ಠ ಭಾರದ ಅರ್ಧವನ್ನು ಹೆಗಲಮೇಲಿಟ್ಟು 100 ಸ್ಕ್ವಾಟ್ ಮಾಡಿಸಿದರು. ಎಷ್ಟು ಬೇಗ ಮುಗಿಸುತ್ತಾರೆಂದು ಗಡಿಯಾರವನ್ನೂ ಇಟ್ಟಿದ್ದರು. 13 ಆಟಗಾರರು ಆಸ್ಪತ್ರೆ ಸೇರಿದರು. ದೊಡ್ಡ ವಿಶ್ವವಿದ್ಯಾಲಯ, ಕಟ್ಟುಮಸ್ತಾದ ಆಟಗಾರರು, ತರಬೇತಿ ಪಡೆದ ಸಿಬ್ಬಂದಿ, ಎಲ್ಲವೂ ಇತ್ತು. ಬಿಡುವಿನಿಂದ ಬಂದ ಸ್ನಾಯು ಬಿಡುವಿಗೆ ಮೊದಲಿದ್ದ ಸ್ನಾಯುವಲ್ಲ. ಇದನ್ನು ಓದುತ್ತಿರುವ ಯುವ ಆಟಗಾರರಿಗೆ ಒಂದು ಮಾತು: ಕಠಿಣ ವ್ಯಾಯಾಮದ ಮರುದಿನಗಳಲ್ಲಿ ಮೂತ್ರ ಕಡುಗಂದು ಬಣ್ಣಕ್ಕೆ ತಿರುಗಿದರೆ, ಸ್ನಾಯು ವಿಪರೀತ ಊದಿದರೆ, ಅಂದೇ ವೈದ್ಯರ ಬಳಿಗೆ ಹೋಗಿ. ನಾಳೆ ನೋಡೋಣ ಎನ್ನಬೇಡಿ.

ಹಾಗಾದರೆ ಆ 14 ವಾರಗಳಲ್ಲಿ ಏನು ಮಾಡಬೇಕು? ನಮ್ಮ ತಂಡದಲ್ಲಿ ಮಾಡುವುದನ್ನು ಹೇಳುತ್ತೇನೆ. ಇದೇ ಸರಿ, ಬೇರೆಯದು ತಪ್ಪು ಎನ್ನುವ ಹಟ ನನಗಿಲ್ಲ.

ಮೊದಲ ಎರಡು ವಾರ ಸ್ಟಿಕ್ ಮುಟ್ಟುವಂತಿಲ್ಲ. ಈಜು, ಸೈಕಲ್, ನಡಿಗೆ, ಇಷ್ಟಬಂದದ್ದು. ಸೀಸನ್‌ನಲ್ಲಿ ಪಟ್ಟಿ ಸುತ್ತಿಕೊಂಡು ಸಹಿಸಿದ ನೋವುಗಳನ್ನು ಫಿಸಿಯೊಗೆ ತೋರಿಸುವ ಕಾಲವೂ ಇದೇ. ವಿಶ್ರಾಂತಿ ಬೇಕು, ಬೇಡವೆಂದವರಾರು? ಮನಸ್ಸಿಗಂತೂ ಬೇಕೇ ಬೇಕು. ಎರಡು ವಾರದ ವಿಶ್ರಾಂತಿ 12 ವಾರವಾಗುವುದಕ್ಕೆ ಮಾತ್ರ ನನ್ನ ತಕರಾರು.

ಮೂರನೇ ವಾರದಿಂದ ಆರರವರೆಗೆ ವಾರಕ್ಕೆ ಮೂರು ದಿನ ಕಸುವಿನ ಕೆಲಸ, ನಿಧಾನವಾಗಿ. ಕೂತೇಳುವುದು, ಸೊಂಟದಿಂದ ಬಾಗಿ ಎತ್ತುವುದು, ಒಂಟಿಗಾಲಿನ ಲಂಜ್, ತಳ್ಳುವುದು, ಎಳೆಯುವುದು. ಹಾಕಿ ಆಡುವವರು ಪಂದ್ಯದುದ್ದಕ್ಕೂ ಸೊಂಟ ಬಗ್ಗಿಸಿಯೇ ಓಡಬೇಕು, ಆದ್ದರಿಂದ ಬೆನ್ನಿನ ಕೆಳಭಾಗಕ್ಕೆ ಮತ್ತು ತೊಡೆಸಂದಿಗೆ ಹೆಚ್ಚು ಗಮನ. ತೊಡೆಸಂದಿಗೆ ಕೋಪನ್‌ಹೇಗನ್ ಎಂಬ ವ್ಯಾಯಾಮವಿದೆ: ಪಕ್ಕಕ್ಕೆ ಮಲಗಿ, ಮೇಲಿನ ಕಾಲನ್ನು ಜೊತೆಗಾತಿಯ ಕೈಗೆ ಕೊಟ್ಟು, ಮೈಯನ್ನು ನೆಲದಿಂದ ಎತ್ತುವುದು. ಇದನ್ನು ಕೇಂದ್ರವಾಗಿಟ್ಟುಕೊಂಡ ಕಾರ್ಯಕ್ರಮದಿಂದ ನಾರ್ವೆಯ ಫುಟ್‌ಬಾಲ್ ಆಟಗಾರರಲ್ಲಿ ತೊಡೆಸಂದಿನ ತೊಂದರೆಯ ಸಾಧ್ಯತೆ ಶೇ 41ರಷ್ಟು ಕಡಿಮೆಯಾದದ್ದು 2019ರಲ್ಲಿ ವರದಿಯಾಗಿದೆ.

ಏಳನೇ ವಾರದಿಂದ ಹತ್ತರವರೆಗೆ ಭಾರ ಹೆಚ್ಚು, ಎಣಿಕೆ ಕಡಿಮೆ: 4 ಅಥವಾ 5ರಂತೆ 4 ಸೆಟ್, ನಡುವೆ ಪೂರ್ತಿ 3 ನಿಮಿಷ ಬಿಡುವು. ಸೆಟ್ ಮುಗಿದಾಗ ಇನ್ನೂ ಎರಡು ಎತ್ತಬಲ್ಲೆ ಎನ್ನುವಷ್ಟು ಉಳಿದಿರಬೇಕು. ಉಸಿರು ಸಿಕ್ಕಿಬೀಳುವವರೆಗೆ ಎತ್ತಿಸುವುದು ನನ್ನಲ್ಲಿಲ್ಲ. ಇದೇ ವಾರಗಳಲ್ಲಿ ವೇಗದ ಓಟವೂ ಸೇರುತ್ತದೆ. ಮೊದಲು 20 ಮೀಟರ್, ಮುಕ್ಕಾಲು ವೇಗದಲ್ಲಿ, ಆರೇ ಸಲ. ವಾರ ಕಳೆದಂತೆ ದೂರವೂ ವೇಗವೂ ಏರಿ, ಹತ್ತನೇ ವಾರಕ್ಕೆ ಪೂರ್ತಿ ವೇಗ. ಜಿಗಿತಕ್ಕಿಂತ ಮೊದಲು ಇಳಿತ ಕಲಿಸುತ್ತೇನೆ: ಸಣ್ಣ ಪೆಟ್ಟಿಗೆಯಿಂದ ಇಳಿದು, ಮಂಡಿ ಒಳಕ್ಕೆ ವಾಲದಂತೆ, ಸದ್ದಾಗದಂತೆ ನೆಲಕ್ಕೆ ಕೂರುವುದು. ಕೊನೆಯ ನಾಲ್ಕು ವಾರ ತಿರುವು, ತಟ್ಟನೆ ನಿಲ್ಲುವುದು, ಚೆಂಡಿನೊಂದಿಗೆ ಸಣ್ಣ ಅಂಕಣದ ಆಟ. ಆಗ ಭಾರದ ದಿನಗಳು ವಾರಕ್ಕೆ ಎರಡಕ್ಕಿಳಿಯುತ್ತವೆ, ನಿಲ್ಲುವುದಿಲ್ಲ.

ಪ್ರತಿಯೊಬ್ಬರ ಹತ್ತಿರ ಒಂದು ನೋಟ್‌ಬುಕ್ಕಿದೆ. ಕೆಲಸ ಮುಗಿದ ಅರ್ಧ ಗಂಟೆಗೆ, ಇವತ್ತು ಎಷ್ಟು ಕಷ್ಟವಾಯಿತು ಎಂದು 0ಯಿಂದ 10ರ ನಡುವೆ ಒಂದು ಅಂಕ ಬರೆಯಬೇಕು. ಅದನ್ನು ನಿಮಿಷಗಳಿಂದ ಗುಣಿಸಿದರೆ ಆ ದಿನದ ಹೊರೆ: 40 ನಿಮಿಷ, ಕಷ್ಟ 6, ಹೊರೆ 240. ಕಾರ್ಲ್ ಫಾಸ್ಟರ್ ಎಂಬ ವಿಜ್ಞಾನಿ ಬಳಕೆಗೆ ತಂದ ಸರಳ ಲೆಕ್ಕವಿದು. ವಾರದ ಮೊತ್ತ ಒಮ್ಮೆಲೇ ಜಿಗಿದಿದ್ದರೆ ನಾನು ಫೋನ್ ಮಾಡುತ್ತೇನೆ. ಅಂಕಿಗಿಂತ ಆ ಫೋನ್ ಮುಖ್ಯ. ನಿದ್ದೆ ಕೆಟ್ಟದ್ದು, ಪರೀಕ್ಷೆಯ ಭಯ, ಮನೆಯ ಜಗಳ, ಎಲ್ಲ ಆಗ ಹೊರಬರುತ್ತದೆ.

ನಮ್ಮ ಡಿಫೆಂಡರ್ ಹುಡುಗಿಯೊಬ್ಬಳು ಭಾರ ಎತ್ತುವ ಸರಳು, ಬಾರ್‌ಬೆಲ್, ಕಂಡರೆ ದೂರ ಸರಿಯುತ್ತಿದ್ದಳು. ಭಾರ ಎತ್ತಿದರೆ ಎತ್ತರ ಬೆಳೆಯುವುದಿಲ್ಲ, ಮೈ ಗಂಡಸಿನಂತಾಗುತ್ತದೆ ಎಂದು ಅವಳ ತಾಯಿ ಹೆದರಿಸಿದ್ದರು. ತಾಯಿಯನ್ನೇ ಬರಹೇಳಿ ಪಕ್ಕದಲ್ಲಿ ಕೂರಿಸಿಕೊಂಡೆ. ಸರಿಯಾದ ವಿಧಾನದಲ್ಲಿ, ಬಲ್ಲವರ ಕಣ್ಣೆದುರು ಮಾಡುವ ಭಾರದ ಅಭ್ಯಾಸದಿಂದ ಮಕ್ಕಳ ಬೆಳವಣಿಗೆ ಕುಂಠಿತವಾಗುವುದಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳಿದೆ ಎಂದು ವಿವರಿಸಿದೆ. ಹುಡುಗಿಯರ ಮೈ ಅಷ್ಟು ಸುಲಭಕ್ಕೆ ದಪ್ಪವಾಗುವುದೂ ಇಲ್ಲ ಎಂದೆ. ಅಂದು ಮಗಳ ಕೈಗೆ ಕೊಟ್ಟದ್ದು ಬರೀ ಒಂದು ಮರದ ಕೋಲು. ಮೂರು ವಾರ ಕೋಲೇ. ಆಮೇಲೆ 15 ಕಿಲೋದ ಖಾಲಿ ಬಾರ್. ಹತ್ತನೇ ವಾರಕ್ಕೆ 45 ಕಿಲೋ ಹೊತ್ತು ಐದು ಸಲ ಕೂತೆದ್ದಳು, ಮಂಡಿ ಒಂದಿಷ್ಟೂ ಒಳಕ್ಕೆ ವಾಲಲಿಲ್ಲ. ತಾಯಿ ಫೋನ್‌ನಲ್ಲಿ ಚಿತ್ರ ತೆಗೆದುಕೊಳ್ಳುತ್ತಿದ್ದರು.

ಹುಡುಗಿಯರ ವಿಷಯದಲ್ಲಿ ಈ ಕೆಲಸ ಇನ್ನೂ ತುರ್ತಿನದು. ತಿರುಗಿ ಓಡುವ, ಜಿಗಿಯುವ ಆಟಗಳಲ್ಲಿ ಎಸಿಎಲ್ ಹರಿಯುವ ಸಾಧ್ಯತೆ ಹುಡುಗರಿಗಿಂತ ಅವರಿಗೆ ಹಲವು ಪಟ್ಟು ಹೆಚ್ಚು. ರಜೆಯಲ್ಲಿ ತೂಕ ಇಳಿಸಿಕೊಂಡು ಬಾ ಎಂದು ಹೇಳಿ ಕಳಿಸುವ ತರಬೇತುದಾರರೂ ಇದ್ದಾರೆ. ಅರೆಹೊಟ್ಟೆಯಲ್ಲಿ ಅಭ್ಯಾಸ ಮಾಡಿದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ, ಕಾಲಿನ ಮೂಳೆಯಲ್ಲಿ ಬಿರುಕು ಬರುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಈ ಕುರಿತು ಎಚ್ಚರಿಸಿದೆ. ಮುಟ್ಟು ನಿಂತಿದೆಯೇ ಎಂದು ಕೇಳಲು ಸಂಕೋಚಪಡುವವರು ಹುಡುಗಿಯರ ತಂಡದ ಹೊಣೆ ಹೊರಬಾರದು.

ಇದಕ್ಕೆಲ್ಲ ದೊಡ್ಡ ಜಿಮ್ ಬೇಕೆಂದು ಅಧಿಕಾರಿಗಳು ಕೈ ಚೆಲ್ಲುತ್ತಾರೆ. ಮರಳು ತುಂಬಿದ ಬೆನ್ನುಚೀಲ, ಒಂದು ಮೆಟ್ಟಿಲ ಸಾಲು, ಹಿಮ್ಮಡಿ ಹಿಡಿಯಲು ಒಬ್ಬ ಗೆಳತಿ, ಇಷ್ಟರಲ್ಲೇ ನಾವು ನಾಲ್ಕು ಆಫ್‌ಸೀಸನ್, ಅಂದರೆ ನಾಲ್ಕು ಬಿಡುವಿನ ಕಾಲ, ಕಳೆದಿದ್ದೇವೆ. ಶಿಬಿರದಲ್ಲಿ ಅರ್ಧ ಗಂಟೆ ಸಾಲಾಗಿ ನಿಲ್ಲಿಸಿ ಮೈ ಚಾಚಿಸುತ್ತಾರಲ್ಲ, ಅದರಿಂದಲೇ ಗಾಯ ತಪ್ಪುತ್ತದೆ ಎಂಬ ನಂಬಿಕೆಗೂ ಆಧಾರ ಗಟ್ಟಿಯಿಲ್ಲ. 26,610 ಜನ ಭಾಗವಹಿಸಿದ್ದ 25 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ 2014ರ ವಿಶ್ಲೇಷಣೆಯಲ್ಲಿ ಬರೀ ಸ್ಟ್ರೆಚಿಂಗ್‌ನಿಂದ ಗಾಯ ಕಡಿಮೆಯಾದದ್ದು ಕಾಣಲಿಲ್ಲ. ಕಸುವಿನ ಅಭ್ಯಾಸ ಮಾಡಿದವರಲ್ಲಿ ಗಾಯಗಳು ಮೂರನೇ ಒಂದಕ್ಕಿಂತಲೂ ಕೆಳಗಿಳಿದಿದ್ದವು.

ಈಗ ನನ್ನ ಮುಖ್ಯ ದೂರು. ನನ್ನಂಥವರ ಒಪ್ಪಂದ ಫೈನಲ್ ಪಂದ್ಯದ ದಿನ ಮುಗಿಯುತ್ತದೆ. ಮಾರನೇ ದಿನದಿಂದ ನಾನು ಆ ತಂಡದವಳಲ್ಲ. ಮೂರು ತಿಂಗಳ ನಂತರ, ಶಿಬಿರಕ್ಕೆ ಎರಡು ದಿನ ಇರುವಾಗ ಮತ್ತೆ ಕರೆ ಬರುತ್ತದೆ. ನಿಜವಾದ ಕೆಲಸದ ಕಾಲದಲ್ಲಿ ಕೆಲಸವಿಲ್ಲ. ಏನೂ ಮಾಡಲಾಗದ 10 ದಿನಗಳಿಗೆ ಸಂಬಳ. ನಾನು ಸಂಬಳವಿಲ್ಲದೆಯೂ ಹುಡುಗಿಯರ ನೋಟ್‌ಬುಕ್ ನೋಡುತ್ತೇನೆ, ಅದು ನನ್ನ ಸ್ವಂತ ಹಟ. ಆದರೆ ಮನೆ ನಡೆಸಬೇಕಾದ ಕಿರಿಯ ತರಬೇತುದಾರರು ಆ ತಿಂಗಳುಗಳಲ್ಲಿ ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ, ಅವರನ್ನು ದೂರುವ ಹಾಗಿಲ್ಲ. ಹಿಂದೆ ನಾನಿದ್ದ ಒಂದು ತಂಡದ ಆಡಳಿತದವರಿಗೆ ಇದನ್ನು ಮೂರು ಸಲ ಬರೆದು ಕೊಟ್ಟೆ. ಆಟವೇ ಇಲ್ಲದ ತಿಂಗಳಲ್ಲಿ ಯಾಕೆ ದುಡ್ಡು ಕೊಡಬೇಕು ಎಂದು ಕೇಳಿದರು. ಆ ಸೀಸನ್‌ನ ಮೊದಲ ಎರಡು ವಾರಗಳಲ್ಲಿ 18 ಜನರ ತಂಡದಲ್ಲಿ 5 ಮಂದಿ ಗಾಯಗೊಂಡು ಹೊರಗೆ ಕುಳಿತರು. ಅವರ ಚಿಕಿತ್ಸೆಯ ಬಿಲ್ಲುಗಳನ್ನು ಅದೇ ಆಡಳಿತದವರು ಕಟ್ಟಿದರು.

ತಂಡಗಳನ್ನು ನಡೆಸುವವರಲ್ಲಿ ನನ್ನ ಬೇಡಿಕೆ ಎರಡೇ. ದೈಹಿಕ ತರಬೇತುದಾರರ ಒಪ್ಪಂದ ಫೈನಲ್‌ನ ಮಾರನೇ ದಿನದಿಂದ ಶುರುವಾಗಲಿ. ಹಣ ಸಾಲದಿದ್ದರೆ ಸೀಸನ್ ಮಧ್ಯದ ಒಂದೆರಡು ತಿಂಗಳು ಕಡಿತ ಮಾಡಿ, ಆಫ್‌ಸೀಸನ್‌ಗೆ ಕೈ ಹಚ್ಚಬೇಡಿ. ಎರಡನೆಯದು, ಕೊನೆಯ ಪಂದ್ಯ ಮುಗಿದ ಸಂಜೆ ಪ್ರತಿ ಆಟಗಾರ್ತಿಯ ಕೈಗೂ ಅವಳ ಹಳೆಯ ಗಾಯ, ಅವಳ ಜಾಗ, ಅವಳ ಮನೆಯಲ್ಲಿರುವ ಅನುಕೂಲ ನೋಡಿ ಬರೆದ ಒಂದು ಹಾಳೆ ಕೊಟ್ಟು ಕಳಿಸಿ. ಗೋಲ್‌ಕೀಪರಿಗೂ ಫಾರ್ವರ್ಡಿಗೂ ಒಂದೇ ಹಾಳೆಯನ್ನು ಜೆರಾಕ್ಸ್ ಮಾಡಿ ಹಂಚಬೇಡಿ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ಸೀಸನ್ ಆರಂಭದಲ್ಲಿ ಯಾರಾದರೂ ಗಾಯಗೊಂಡ ಸುದ್ದಿ ಬಂದಾಗ, ಎಷ್ಟು ವಾರ ಹೊರಗುಳಿಯುತ್ತಾರೆ ಎಂದು ನಿಮ್ಮ ವರದಿಗಾರರು ಕೇಳುತ್ತಾರೆ. ಅದರ ಜೊತೆಗೆ, ಗಾಯಕ್ಕೆ ಮೊದಲಿನ ಎಂಟು ವಾರ ಆ ಆಟಗಾರರು ಏನು ಮಾಡುತ್ತಿದ್ದರು, ಯಾರು ನೋಡಿಕೊಳ್ಳುತ್ತಿದ್ದರು ಎಂದೂ ಕೇಳಲಿ. ಉತ್ತರವನ್ನು ಅಚ್ಚುಹಾಕಿ. ಪಂದ್ಯಗಳಿಲ್ಲದ ತಿಂಗಳಲ್ಲಿ ಒಬ್ಬ ವರದಿಗಾರರನ್ನು ಒಂದು ಬೆಳಿಗ್ಗೆ ನಮ್ಮ ಅಭ್ಯಾಸಕ್ಕೆ ಕಳಿಸಿಕೊಡಿ. ನಾವು ಆರು ಗಂಟೆಗೆ ಶುರುಮಾಡುತ್ತೇವೆ. ಈಗ ಐದನೇ ವಾರ ನಡೆಯುತ್ತಿದೆ, ಇವತ್ತು ನಾರ್ಡಿಕ್ ಇತ್ತು. 16 ಹುಡುಗಿಯರಲ್ಲಿ 14 ಮಂದಿ ಬಂದಿದ್ದರು. ಬಾರದ ಇಬ್ಬರಿಗೆ ಈ ಪತ್ರ ಮುಗಿಸಿ ಫೋನ್ ಮಾಡಬೇಕು.

ತಮ್ಮ ವಿಶ್ವಾಸಿ,
ಹೆಣ್ಣುಮಕ್ಕಳ ಹಾಕಿ ತಂಡವೊಂದರ ದೈಹಿಕ ತರಬೇತುಗಾರ್ತಿ